ಬಹುಮಾನವಿಲ್ಲದ ಒಂದು ಕಥಾಸ್ಪರ್ಧೆ

ಗೆಳೆಯರೊಳಗಿನ ಕಥಾಸ್ಪರ್ಧೆ ಅಂದ್ರೆ ನನಗೆ ಮೊದಲು ನೆನಪಾಗೋದು 1816ರ ಜೂನ್. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ದೆಸೆಯಿಂದ ಯೂರೋಪಿಗೆ ಬೇಸಿಗೆಯೇ ಬಂದಿರಲಿಲ್ಲ. ಜಿನೀವಾ ಸರೋವರದ ದಂಡೆಯ ವಿಲ್ಲಾ ಡಿಯೋಡಾಟಿಯಲ್ಲಿ, ಮಳೆಗೆ ಹೊರಬೀಳಲಾಗದ ಇಂಗ್ಲಿಷ್ ಗೆಳೆಯರು ದೆವ್ವದ ಕಥೆ ಓದ್ತಾ ಕೂತಿದ್ದರು. ನಾವೂ ಒಂದೊಂದು ಬರೆಯೋಣ ಅಂದವನು ಕವಿ ಬೈರನ್. ತೀರ್ಪುಗಾರರಿಲ್ಲ, ಬಹುಮಾನವಿಲ್ಲ, ಡೆಡ್‌ಲೈನೂ ಇಲ್ಲ (ನಮ್ಮ ಪ್ರಾಜೆಕ್ಟುಗಳೂ ಹೀಗಿದ್ದಿದ್ರೆ!).

ಮಜಾ ನೋಡಿ, ಬೈರನ್, ಷೆಲ್ಲಿ ಇಬ್ಬರೂ ಘಟಾನುಘಟಿಗಳು. ಇಬ್ಬರೂ ಅರ್ಧಕ್ಕೇ ಕೈಬಿಟ್ಟರು. ಮುಂದೆ ಪುಸ್ತಕವಾಗುವಂಥದ್ದನ್ನು ಬರೆದವರು ಷೆಲ್ಲಿಯ ಜೊತೆಗಿದ್ದ 18ರ ಮೇರಿ, ಮತ್ತೆ ಬೈರನ್‌ನ ಡಾಕ್ಟರು, 20ರ ಪೊಲಿಡೋರಿ.

ಮೇರಿಯ 'ಫ್ರಾಂಕೆನ್‌ಸ್ಟೈನ್' 1818ರಲ್ಲಿ ಬಂತು, ಲೇಖಕಿಯ ಹೆಸರಿಲ್ಲದೆ. ಮುನ್ನುಡಿ ಷೆಲ್ಲಿಯದು, ಕಾದಂಬರಿಯೂ ಅವನದೇ ಅಂದುಕೊಂಡವರಿದ್ದರು. ಲಂಡನ್ನಿನ ಮುದ್ರಣದಲ್ಲಿ ಅವಳ ಹೆಸರು ಕಾಣೋಕೆ 1823 ಬರಬೇಕಾಯ್ತು.

ಪೊಲಿಡೋರಿಯ ಪಾಡು ಇನ್ನೂ ಕಷ್ಟ. ಬೈರನ್ ಬಿಟ್ಟ ಎಳೆ ಹಿಡಿದು ಅವನು ಬರೆದ 'ದಿ ವ್ಯಾಂಪೈರ್' 1819ರಲ್ಲಿ ಪತ್ರಿಕೆಯಲ್ಲಿ ಅಚ್ಚಾದಾಗ ಮೇಲಿದ್ದದ್ದು ಬೈರನ್ ಹೆಸರು! ನನ್ನದು ಅಂತ ಡಾಕ್ಟರು, ನನ್ನದಲ್ಲ ಅಂತ ಬೈರನ್, ಇಬ್ಬರೂ ಪತ್ರ ಬರೆದರು. ಆದರೂ ಎಷ್ಟೋ ಓದುಗರಿಗೆ ಅದು ಬೈರನ್ ಕಥೆಯಾಗಿಯೇ ಉಳಿಯಿತು. 1821ರಲ್ಲಿ, 25ನೇ ವಯಸ್ಸಿಗೇ ಪೊಲಿಡೋರಿ ತೀರಿಕೊಂಡ. ರಕ್ತ ಹೀರುವ ಶ್ರೀಮಂತ ದೊರೆಯನ್ನು ಇಂಗ್ಲಿಷ್ ಕಥೆಗೆ ತಂದವನು ಅವನೇ. 'ಡ್ರಾಕುಲಾ' ಬಂದದ್ದು 1897ರಲ್ಲಿ.