ಯಾದವಗಿರಿಯಿಂದ ಪೀಥಂಪುರಕ್ಕೆ: ಅಭಿಮಾನಿಗಳು ಬೇಡಿ ಪಡೆದ ಬೈಕು

ಗಾಡಿಪ್ರಿಯರು ನಾಲ್ಕು ಜನ ಸೇರಿದರೆ ಒಂದು ಪಟ್ಟಿ ತಯಾರಾಗುತ್ತದೆ: ಕಂಪನಿಗಳು ಯಾವ ಗಾಡಿಯನ್ನು ಮತ್ತೆ ಮಾಡಬೇಕು ಎನ್ನುವ ಪಟ್ಟಿ. ಪುಣೆಯ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ವರ್ಷಕ್ಕೆ ನಾಲ್ಕಾರು ಸಲವಾದರೂ ಬರುತ್ತದೆ. ಒಬ್ಬರಿಗೆ ಟಾಟಾ ಸಿಯೆರಾ ಬೇಕು, ಇನ್ನೊಬ್ಬರಿಗೆ ಕಾಂಟೆಸ್ಸಾ, ಮತ್ತೊಬ್ಬರಿಗೆ ಯಮಹಾ ಆರ್‌ಎಕ್ಸ್ 100. ನಾನು ಮೈಸೂರಿನವನು. ನನ್ನ ಸರದಿ ಬಂದರೆ ಯಾರೂ ಕೇಳುವುದಿಲ್ಲ, ‘ನಿಂದು ಯೆಜ್ಡಿ ತಾನೇ’ ಎಂದು ಅವರೇ ಹೇಳಿ ಮುಗಿಸುತ್ತಾರೆ.

ಇಂಥ ಆಸೆಗಳು ಈಡೇರುವುದು ಅಪರೂಪ. ಜಾವಾ ಮತ್ತು ಯೆಜ್ಡಿಯದು ಈಡೇರಿತು. 1996ರಲ್ಲಿ ನಿಂತುಹೋದ ಬೈಕನ್ನು ಅಭಿಮಾನಿಗಳು ಇಪ್ಪತ್ತೆರಡು ವರ್ಷ ಕೇಳುತ್ತಲೇ ಇದ್ದರು, 2018ರಲ್ಲಿ ಅದು ಅಂಗಡಿಗೆ ಬಂತು. ಹಾಗಾಗಿ ಕೇಳಿದ್ದೇನು, ಸಿಕ್ಕಿದ್ದೇನು ಎಂದು ಅಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪ ಎಂದುಕೊಂಡವರು ನಮ್ಮಲ್ಲಿ ಬಹಳ ಜನ. ಆ ಹೆಸರಿಗೂ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಸೇರಿಸಿದ. ಅವರ ನಾಲಿಗೆಯಲ್ಲಿ ಅದು ‘ಯಾವಾ’, ನಮಗೆ ‘ಜಾವಾ’. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶ ಜರ್ಮನ್ನರ ಹಿಡಿತದಲ್ಲಿದ್ದಾಗ, ಕಂಪನಿಯ ಎಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿಸಿ ಬೈಕನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದೇ ಪೆರಾಕ್.

ಆ ಬೈಕಿನ ವಂಶ ಮೈಸೂರಿಗೆ ಬಂದದ್ದು ಮುಂಬೈ ಮಾರ್ಗವಾಗಿ. ಮುಂಬೈಯ ಇರಾನಿ ಕುಟುಂಬ ಜಾವಾ ಬೈಕುಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿತ್ತು. ಐವತ್ತರ ದಶಕದಲ್ಲಿ ಆಮದಿನ ಮೇಲೆ ಸರ್ಕಾರ ಹಿಡಿತ ಬಿಗಿ ಮಾಡಿತು. ಇಲ್ಲಿ ಮಾರಬೇಕೆಂದರೆ ಇಲ್ಲೇ ಮಾಡಬೇಕು ಎನ್ನುವ ಪರಿಸ್ಥಿತಿ. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ 1955ರಲ್ಲಿ ಮದ್ರಾಸಿಗೆ ಬಂದದ್ದೂ ಆ ಕಾಲದಲ್ಲೇ. ರುಸ್ತುಂ ಇರಾನಿ, ಫರೋಕ್ ಇರಾನಿ ಅವರು ಜೆಕ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ‘ಐಡಿಯಲ್ ಜಾವಾ’ ಸ್ಥಾಪಿಸಿದರು. ಜಾಗ ಮೈಸೂರಿನ ಯಾದವಗಿರಿ. ಬೆಂಬಲಕ್ಕೆ ನಿಂತವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1961ರಲ್ಲಿ ಕಾರ್ಖಾನೆ ಶುರುವಾಯಿತು. ಮೈಸೂರಿನವರ ಬಾಯಲ್ಲಿ ಅದು ಕೊನೆಯವರೆಗೂ ‘ಜಾವಾ ಫ್ಯಾಕ್ಟರಿ’ಯೇ.

1973ರ ಸುಮಾರಿಗೆ ಜೆಕ್ ಕಂಪನಿಯ ಪರವಾನಗಿ ಮುಗಿದು ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರದು, ಪಾರ್ಸಿ ಇರಾನಿಗಳ ಪೂರ್ವಿಕರ ನಾಡು. ನಮ್ಮ ರಾಜ್ಯದ ಹೆಸರು ಮೈಸೂರಿನಿಂದ ಕರ್ನಾಟಕ ಆದದ್ದೂ ಅದೇ 1973ರಲ್ಲಿ. ಜೆಕ್ ತಲೆ, ಪರ್ಷಿಯನ್ ಹೆಸರು, ಮೈಸೂರಿನ ಕೈ: ನಮ್ಮೂರಿನ ಬೈಕು ಎಂದು ನಾವು ಎದೆ ತಟ್ಟಿಕೊಳ್ಳುವ ವಸ್ತುವಿನ ಜಾತಕ ಇದು.

ಆ ಬೈಕಿನ ಗುಣ ಗೊತ್ತಿಲ್ಲದ ಕಿರಿಯ ಓದುಗರಿಗಾಗಿ ಎರಡು ಮಾತು. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಟು-ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಗೇರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುವ ಏರ್ಪಾಡಿತ್ತು, ಹಾಗಾಗಿ ಕ್ಲಚ್ ಕೇಬಲ್ ತುಂಡಾದರೂ ಗಾಡಿ ಮನೆ ಸೇರುತ್ತಿತ್ತು. ನಮ್ಮ ಚಿಕ್ಕಪ್ಪ ಭಾನುವಾರ ಬೆಳಿಗ್ಗೆ ಸೈಲೆನ್ಸರ್ ಬಿಚ್ಚಿ ಬೆಂಕಿಯಲ್ಲಿ ಸುಟ್ಟು ಕರಿ ತೆಗೆಯುವುದನ್ನು ನೋಡಲು ಬೀದಿಯ ಹುಡುಗರೆಲ್ಲ ಸೇರುತ್ತಿದ್ದೆವು. ಪಾಯಿಂಟ್ ಉಜ್ಜುವುದು, ಪ್ಲಗ್ ಒರೆಸುವುದು, ಕಾರ್ಬುರೇಟರ್ ಊದುವುದು ಮೆಕ್ಯಾನಿಕ್ಕಿನ ಕೆಲಸವಲ್ಲ, ಮಾಲೀಕನ ಕೆಲಸ. ಗಾಡಿಯ ಒಳಗೆ ಏನಿದೆ ಎನ್ನುವುದು ಓಡಿಸುವವನಿಗೆ ಗೊತ್ತಿತ್ತು. ಎಂಟೆಕ್ ಮುಗಿಸಿದ ನನಗೆ ಇಂದು ನನ್ನ ಕಾರಿನ ಬಾನೆಟ್ ತೆಗೆದರೆ ಕಾಣುವುದು ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ.

ಆದರೆ ಪ್ರೀತಿಯ ಮಾತಿನಲ್ಲಿ ಲೆಕ್ಕ ಮರೆಯಬಾರದು. ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳು ಭಾರತೀಯ ಪಾಲುದಾರರೊಡನೆ 100 ಸಿಸಿ ಬೈಕುಗಳನ್ನು ತಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಸಿಡಿ 100 ಫೋರ್-ಸ್ಟ್ರೋಕ್: ಆಯಿಲ್ ಬೆರೆಸುವ ರಗಳೆ ಇಲ್ಲ, ಹೊಗೆ ಇಲ್ಲ, ಲೀಟರಿಗೆ ಕೊಡುವ ಮೈಲೇಜು ಯೆಜ್ಡಿಯ ಕನಸಿಗೂ ನಿಲುಕದ್ದು. ಬ್ಯಾಂಕಿನವರು, ಮೇಷ್ಟ್ರುಗಳು, ಗುಮಾಸ್ತರು ಅದನ್ನೇ ಕೊಂಡರು. ನಮ್ಮ ಚಿಕ್ಕಪ್ಪನೂ ಮಕ್ಕಳಾದ ಮೇಲೆ ಯೆಜ್ಡಿ ಮಾರಿ ಅದನ್ನೇ ತಂದರು. ತೊಂಬತ್ತರ ದಶಕದಲ್ಲಿ ಹೊಗೆಯ ಮೇಲಿನ ನಿಯಮಗಳು ಬಂದು ಬಿಗಿಯಾಗುತ್ತ ಹೋದವು, ಹಳೆಯ ಟು-ಸ್ಟ್ರೋಕ್ ಎಂಜಿನ್ನಿಗೆ ಅದು ಕೊನೆಯ ಪೆಟ್ಟು. ಕಾರ್ಖಾನೆಯೊಳಗೆ ಕಾರ್ಮಿಕರ ತಕರಾರುಗಳೂ ಸೇರಿಕೊಂಡವು. 1996ರಲ್ಲಿ ಐಡಿಯಲ್ ಜಾವಾ ಬಾಗಿಲು ಹಾಕಿತು. 2001ರಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯನ್ನು ಸಮಾಪನಗೊಳಿಸುವ ಆದೇಶ ಕೊಟ್ಟಿತು.

‘ಆ ಬೈಕನ್ನು ಮತ್ತೆ ಯಾಕೆ ಮಾಡಬಾರದು’ ಎಂದು ಕೇಳುವವರೆಲ್ಲ ನೆನಪಿಡಬೇಕಾದ ಘಟ್ಟ ಇದು. ಮಾಡುತ್ತಿದ್ದಾಗ ನಮ್ಮ ಮನೆಗಳೇ ಅದನ್ನು ಕೊಳ್ಳುವುದನ್ನು ಬಿಟ್ಟಿದ್ದವು. ಅದರಲ್ಲಿ ತಪ್ಪೇನೂ ಇಲ್ಲ, ಸಂಬಳ ಎಣಿಸಿ ಬದುಕುವ ಮನೆ ಮೈಲೇಜು ನೋಡಲೇಬೇಕು. ಆದರೆ ಗಾಡಿ ಕನಸಾದದ್ದು ಅದು ನಿಂತ ಮೇಲೆ, ಮತ್ತು ಆ ಕನಸನ್ನು ಕಂಡವರಲ್ಲಿ ಹೆಚ್ಚಿನವರು ಕೊಂಡವರ ಮಕ್ಕಳು.

ಕನಸು ಬರೀ ಮಾತಾಗದಂತೆ ಉಳಿಸಿದವರೂ ಇದ್ದರು. ಹಳೆಯ ಗಾಡಿಗಳನ್ನು ಗುಜರಿಯಿಂದ ಬಿಡಿಸಿ ತಂದವರು, ಸಿಗದ ಬಿಡಿಭಾಗವನ್ನು ಲೇತ್ ಅಂಗಡಿಯಲ್ಲಿ ಮಾಡಿಸಿದವರು, ಕಿವಿಯಿಂದಲೇ ಟೈಮಿಂಗ್ ಕೂಡಿಸುವ ಮೆಕ್ಯಾನಿಕ್ಕುಗಳು. ಬೆಂಗಳೂರು, ಮೈಸೂರು, ಪುಣೆ, ಹೈದರಾಬಾದುಗಳಲ್ಲಿ ಕ್ಲಬ್ಬುಗಳಾದವು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದಾಯಿತು. ನೂರಾರು ಹಳೆಯ ಗಾಡಿಗಳು ಒಟ್ಟಿಗೆ ನಿಂತು ಹೊಗೆಯಾಡುವುದನ್ನು ನೋಡಿದ ಯಾವ ವ್ಯಾಪಾರಿಗೂ ಇಲ್ಲೊಂದು ಮಾರುಕಟ್ಟೆ ಇದೆ ಎಂದು ಅನ್ನಿಸದೆ ಇರದು.

ಅನ್ನಿಸಿತು. ಮಹೀಂದ್ರಾ ಕಂಪನಿ 60 ಶೇಕಡಾ ಪಾಲು ಹಾಕಿ, ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರ ಜೊತೆಗೂಡಿ ‘ಕ್ಲಾಸಿಕ್ ಲೆಜೆಂಡ್ಸ್’ ಕಟ್ಟಿತು. 2018ರ ನವೆಂಬರ್ 15ರಂದು ಮುಂಬೈಯಲ್ಲಿ ಜಾವಾ ಮರಳಿತು. ಮೊದಲ ಎರಡು ಶೋರೂಮುಗಳು ತೆರೆದದ್ದು ನಮ್ಮ ಪುಣೆಯಲ್ಲಿ, ಬಾಣೇರ್ ಮತ್ತು ಚಿಂಚವಾಡದಲ್ಲಿ. ಜನ ಮುಗಿಬಿದ್ದರು. ಡಿಸೆಂಬರ್ ಮುಗಿಯುವುದರೊಳಗೆ ಆನ್‌ಲೈನ್ ಬುಕಿಂಗ್ ನಿಲ್ಲಿಸಬೇಕಾಯಿತು, ಮುಂದಿನ ಸೆಪ್ಟೆಂಬರ್‌ವರೆಗಿನ ಗಾಡಿಗಳೆಲ್ಲ ಆಗಲೇ ಹೋಗಿದ್ದವು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನ ಬೈಕುಗಳೂ ಬಂದವು.

ಈಗ ಕೇಳಿದ್ದನ್ನೂ ಸಿಕ್ಕಿದ್ದನ್ನೂ ಹೋಲಿಸೋಣ. ನನ್ನ ಕಸುಬಿನಲ್ಲಿ ಇದು ದಿನನಿತ್ಯದ ಕೆಲಸ. ‘ಹಳೇ ಸಿಸ್ಟಮ್ ಹೇಗಿತ್ತೋ ಹಾಗೇ ಬೇಕು, ಆದರೆ ಹೊಸದಾಗಿರಬೇಕು’ ಎನ್ನುವ ಗ್ರಾಹಕ ಎಲ್ಲ ಪ್ರಾಜೆಕ್ಟಿನಲ್ಲೂ ಒಬ್ಬನಿರುತ್ತಾನೆ. ಆಗ ನಾವು ಬೇಡಿಕೆಯನ್ನು ಬಿಡಿಬಿಡಿ ಮಾಡಿ ಒಂದೊಂದನ್ನೇ ನೋಡುತ್ತೇವೆ.

ಮೊದಲನೆಯದು ರೂಪ. ಅದು ಸಿಕ್ಕಿತು. ದುಂಡು ಹೆಡ್‌ಲೈಟು, ಹೊಳೆಯುವ ಟ್ಯಾಂಕು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಎಲ್ಲ ನೆನಪಿನಂತೆಯೇ.

ಎರಡನೆಯದು ಎಂಜಿನ್. ಅದು ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. 2018ರ ಹೊಸ ಜಾವಾದ ಎಂಜಿನ್ 293 ಸಿಸಿಯ ಫೋರ್-ಸ್ಟ್ರೋಕ್, ಮಹೀಂದ್ರಾದ ಮೋಜೋ ಬೈಕಿನ ಎಂಜಿನ್ನಿನಿಂದ ರೂಪುಗೊಂಡದ್ದು. ತಣಿಸಲು ರೇಡಿಯೇಟರ್ ಇದೆ, ಆದರೂ ಹಳೆಯ ಎಂಜಿನ್ನಿನ ಹಾಗೆ ಕಾಣಲೆಂದು ಮೈಮೇಲೆ ರೆಕ್ಕೆಗಳ ಸಾಲು. ಕಿಕ್ಕರ್ ಇಲ್ಲ, ಗುಂಡಿ ಒತ್ತಿದರೆ ಸ್ಟಾರ್ಟ್. ಗಾಡಿಯಾಗಿ ಇದು ಹಳೆಯದಕ್ಕಿಂತ ಬಹಳ ಮೇಲು, ಶಕ್ತಿ 27 ಬಿಎಚ್‌ಪಿ, ಹಳೆಯ ಜಾವಾದ ದುಪ್ಪಟ್ಟಿಗೂ ಹೆಚ್ಚು. ‘ಆ ಸದ್ದು ಇಲ್ಲ’ ಎಂದು ಗೊಣಗುವವರಿಗೆ ನನ್ನ ಉತ್ತರ ಒಂದೇ: ಆ ಸದ್ದಿನ ಜೊತೆಗೆ ಆ ಹೊಗೆಯೂ ಬರುತ್ತದೆ, ಅದನ್ನು ಕುಡಿಯುವುದು ಹಿಂದಿನ ಸಿಗ್ನಲ್ಲಿನಲ್ಲಿ ನಿಂತ ಮಗು. ಕಾನೂನು ಅದನ್ನು ತಡೆದದ್ದು ಸರಿಯಾಗಿಯೇ ಇದೆ.

ಸಿಯೆರಾದ್ದೂ ಇದೇ ಕಥೆ. 1991ರಲ್ಲಿ ಪುಣೆಯಲ್ಲಿ ಹುಟ್ಟಿದ್ದು ಮೂರು ಬಾಗಿಲಿನ ಗಾಡಿ, ಹಿಂಬದಿಗೆ ಚಾವಣಿಯವರೆಗೆ ಬಾಗಿದ ಅಗಲ ಗಾಜು. ಅಭಿಮಾನಿಗಳು ವರ್ಷಗಟ್ಟಲೆ ಕೇಳಿದ್ದು ಅದನ್ನೇ. 2025ರಲ್ಲಿ ಮರಳಿದ ಸಿಯೆರಾಕ್ಕೆ ಐದು ಬಾಗಿಲು, ಏಕೆಂದರೆ ಹಿಂದೆ ಕೂರುವ ಅಪ್ಪ ಅಮ್ಮನಿಗೆ ಬಾಗಿಲು ಬೇಕು. ಹಳೆಯ ಗಾಜಿನ ನೆನಪಷ್ಟೇ ಉಳಿದಿದೆ.

ಮೂರನೆಯದು ಹೆಸರು. ಇಲ್ಲಿ ವಿಷಯ ಗಂಭೀರವಾಗುತ್ತದೆ. ಮುಚ್ಚಿದ ಕಂಪನಿಯ ಹೆಸರು ಯಾರದ್ದು? ಯೆಜ್ಡಿ ಎಂಬ ಟ್ರೇಡ್‌ಮಾರ್ಕನ್ನು ಬೊಮನ್ ಇರಾನಿಯವರು ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು. ಅದು ಸಮಾಪನೆಯಲ್ಲಿರುವ ಐಡಿಯಲ್ ಜಾವಾದ ಆಸ್ತಿ ಎಂದು ಅಧಿಕೃತ ಸಮಾಪಕರೂ ಹಳೆಯ ನೌಕರರ ಸಂಘವೂ ಹೈಕೋರ್ಟಿನಲ್ಲಿ ವಾದಿಸಿದರು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಆ ವಾದವನ್ನು ಒಪ್ಪಿತು. ಮೇಲ್ಮನವಿಯಾಗಿ ಪ್ರಕರಣ ವಿಭಾಗೀಯ ಪೀಠಕ್ಕೆ ಹೋಯಿತು. ಕಾನೂನಿನ ಸರಿತಪ್ಪು ವಕೀಲರಿಗೆ ಬಿಟ್ಟದ್ದು. ನನ್ನ ಗಮನ ಸೆಳೆದದ್ದು ಅರ್ಜಿದಾರರ ಪಟ್ಟಿಯಲ್ಲಿ ನೌಕರರ ಸಂಘ ಇದ್ದದ್ದು. ಮುಚ್ಚಿದ ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಸಾಲಗಾರರ ಜೊತೆಗೆ ಕೆಲಸಗಾರರಿಗೂ ಪಾಲಿರುತ್ತದೆ. ಒಂದು ಹೆಸರಿಗೆ ಬೆಲೆ ಬರಬೇಕಾದರೆ ಅದನ್ನು ಟ್ಯಾಂಕಿನ ಮೇಲೆ ಇಪ್ಪತ್ತು ಇಪ್ಪತ್ತೈದು ವರ್ಷ ಹೊತ್ತ ಗಾಡಿಗಳು ಚೆನ್ನಾಗಿರಬೇಕು. ಆ ಗಾಡಿಗಳನ್ನು ಚೆನ್ನಾಗಿ ಮಾಡಿದವರು ಯಾರು? ಅಭಿಮಾನಿಗಳಾದ ನಾವು ಬೈಕು ಬೇಕೆಂದು ಕೇಳಿದಾಗ ಈ ಪ್ರಶ್ನೆ ನಮ್ಮ ಬಾಯಲ್ಲಿ ಬರಲೇ ಇಲ್ಲ.

ನಾಲ್ಕನೆಯದು ಊರು. ಹೊಸ ಜಾವಾ, ಯೆಜ್ಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅಲ್ಲಿನವರಿಗೂ ಕೆಲಸ ಬೇಕು, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಮಹೀಂದ್ರಾದ ದ್ವಿಚಕ್ರ ವಾಹನಗಳ ಕಾರ್ಖಾನೆ ಅಲ್ಲಿ ಇತ್ತು, ಲೆಕ್ಕ ಅಲ್ಲಿಗೆ ಕೂಡಿಬಂತು. ಆದರೆ ಯೆಜ್ಡಿ ಎಂದಾಗ ನನ್ನಂಥವರ ಮನಸ್ಸಿನಲ್ಲಿ ಬರುವ ಚಿತ್ರದಲ್ಲಿ ಬೈಕು ಅರ್ಧ ಮಾತ್ರ. ಇನ್ನರ್ಧ, ಐಟಿಐ ಮುಗಿಸಿದ ಹುಡುಗ ಸೈಕಲ್ ಹೊಡೆದುಕೊಂಡು ಯಾದವಗಿರಿಗೆ ಹೋಗಿ, ಸಂಜೆ ಒಂಟಿಕೊಪ್ಪಲಿನ ಮನೆಗೆ ಬರಬಹುದಾಗಿದ್ದ ಮೈಸೂರು. ಅವನು ಮಾಡಿದ ಗಾಡಿ ಹೊರದೇಶಕ್ಕೂ ಹೋಗುತ್ತಿತ್ತು, ಅವನು ಮಾತ್ರ ಊರಲ್ಲೇ ಇರುತ್ತಿದ್ದ. ನಮ್ಮ ಕಾಲಕ್ಕೆ ಇದು ತಿರುವುಮುರುವಾಯಿತು. ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕೂತು ಯೆಜ್ಡಿಯ ಚಿತ್ರ ನೋಡಿ ನಿಟ್ಟುಸಿರು ಬಿಡುವ ಕನ್ನಡಿಗರಲ್ಲಿ ಬಹುಮಂದಿ ಹಾಗೆ ಊರು ಬಿಟ್ಟು ಬಂದವರೇ. ನಮಗೆ ಮರಳಿ ಬೇಕಾಗಿರುವುದು ಒಂದು ವಾಹನ ಎಂದು ನಾವು ಅಂದುಕೊಂಡಿದ್ದೇವೆ. ವಾಹನವನ್ನು ಮಾಡಿಕೊಡುವ ಕಂಪನಿ ಸಿಕ್ಕಿತು. ಊರನ್ನು ಮಾಡಿಕೊಡುವ ಕೆಲಸ ಯಾವ ಕಂಪನಿಯದೂ ಅಲ್ಲ.

ಹಾಗೆಂದು ಹೊಸ ಬೈಕು ಕೊಂಡವರನ್ನು ನಾನು ಹಂಗಿಸುವುದಿಲ್ಲ. ಒಳ್ಳೆಯ ಗಾಡಿ, ಲೋನಾವಳಾ ಘಾಟಿನಲ್ಲಿ ನೋಡಿದರೆ ಈಗಲೂ ತಿರುಗಿ ನೋಡುತ್ತೇನೆ. ಆದರೆ ಮುಂದಿನ ಸಲ ನಿಮ್ಮ ಗೆಳೆಯರ ಬಳಗದಲ್ಲಿ ಕನಸಿನ ಗಾಡಿಗಳ ಪಟ್ಟಿ ಮಾಡುವಾಗ ಗಾಡಿಯ ಹೆಸರಿನ ಮುಂದೆ ಇನ್ನೆರಡು ಕಾಲಂ ಹಾಕಿ: ಎಲ್ಲಿ ಮಾಡಬೇಕು, ಯಾರು ಮಾಡಬೇಕು. ತುಂಬಲು ಹೊರಟರೆ, ಆ ಹಳೆಯ ಗಾಡಿಯಲ್ಲಿ ನಾವು ಇಷ್ಟಪಟ್ಟದ್ದು ಯಾವುದನ್ನು ಎಂದು ಸ್ವಲ್ಪ ಬೇಗ ತಿಳಿಯುತ್ತದೆ.