ಚೀಲದ ಮೇಲಿನ ಹೆಸರು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ದೊಡ್ಡ ಮೊಳೆಯಿದೆ. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಟ್ಟ ತಾಂಬೂಲದ ಚೀಲಗಳೆಲ್ಲ ಒಂದರ ಮೇಲೊಂದು ಅದಕ್ಕೆ ತೂಗುಬಿದ್ದಿವೆ. ಒಂದೊಂದರ ಮೇಲೂ ಒಂದು ಗಂಡಿನ, ಒಂದು ಹೆಣ್ಣಿನ ಹೆಸರು. ಕೆಳಗೆ ಯಾವುದೋ ಬಟ್ಟೆ ಅಂಗಡಿಯ ಹೆಸರು. ಆ ಜೋಡಿಗಳಲ್ಲಿ ಕೆಲವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಒಂದು ಜೋಡಿ ಬೇರೆಯಾಗಿ ವರ್ಷಗಳೇ ಆದವು. ಚೀಲದ ಮೇಲೆ ಮಾತ್ರ ಇನ್ನೂ ಒಟ್ಟಿಗಿದ್ದಾರೆ. ನಾನು ಅದರಲ್ಲಿ ಈರುಳ್ಳಿ ತರುತ್ತೇನೆ.

ಅಣ್ಣನ ಮಗಳ ಮದುವೆ ಗೊತ್ತಾದಾಗ ಚೀಲದ ಮಾತು ಬಂತು. ಆರುನೂರು ಚೀಲ ಬೇಕು. ಅಣ್ಣನ ಮಗ ಲೆಕ್ಕದಲ್ಲಿ ಚುರುಕು. "ಅತ್ತೆ, ಈ ಅಂಗಡಿಯವರ ಹತ್ತಿರ ಯಾಕೆ ಹೋಗಬೇಕು? ಇವರೂ ತರಿಸೋದು ಹೊರಗಿನಿಂದಲೇ. ಚೀನಾದ ಕಾರ್ಖಾನೆಯವರಿಗೆ ನಾವೇ ನೇರವಾಗಿ ಆರ್ಡರ್ ಕೊಡೋಣ. ನಮ್ಮ ಬಣ್ಣ, ನಮ್ಮ ಅಳತೆ, ನಮ್ಮ ಹೆಸರು. ಸಾವಿರ ತೊಗೊಂಡರೂ ಇಲ್ಲಿಯ ಆರುನೂರಕ್ಕಿಂತ ಅಗ್ಗ" ಎಂದ. ಮೊಬೈಲಿನಲ್ಲಿ ಚೀಲದ ಚಿತ್ರವನ್ನೂ ತೋರಿಸಿದ. ಚೆನ್ನಾಗಿಯೇ ಇತ್ತು.

"ಇದನ್ನು ಹೊಲಿಯೋರು ಯಾರಪ್ಪಾ?" ಎಂದು ಕೇಳಿದೆ. ಸುಮ್ಮನೆ ಬಾಯಿಗೆ ಬಂದ ಮಾತು. ಅವನು ನಕ್ಕು, ಅದನ್ನೇ ಅವರಿಗೆ ಬರೆದು ಕೇಳಿದ. ಬಂದ ಉತ್ತರದಲ್ಲಿ ಹಿಡಿಯ ಉದ್ದವಿತ್ತು, ಬಟ್ಟೆಯ ತೂಕವಿತ್ತು, ಎಷ್ಟು ದಿನಕ್ಕೆ ಹಡಗು ಹತ್ತುತ್ತದೆ ಎಂಬುದಿತ್ತು. ಹೊಲಿಯುವವರ ವಿಷಯ ಮಾತ್ರ ಇರಲಿಲ್ಲ.

ಆ ರಾತ್ರಿ ನನಗೆ ನಾನೇ ಕಲಿಸಿದ ಪಾಠವೊಂದು ನೆನಪಿಗೆ ಬಂತು. ಹೂಗ್ಲಿ ನದಿಯ ದಂಡೆಯಲ್ಲಿ ಸೆಣಬಿನ ಗಿರಣಿಗಳು ಕೇಂದ್ರೀಕೃತವಾಗಲು ಕಾರಣಗಳೇನು? ಹತ್ತಿರದಲ್ಲೇ ಕಚ್ಚಾ ಸೆಣಬು, ನೀರು, ರಾಣಿಗಂಜಿನ ಕಲ್ಲಿದ್ದಲು, ಕಲ್ಕತ್ತೆಯ ಬಂದರು, ಅಗ್ಗದ ಕೂಲಿಯಾಳುಗಳು. ಐದು ಕಾರಣ, ಐದು ಅಂಕ. ಎಷ್ಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ! "ಅಗ್ಗದ ಕೂಲಿಯಾಳುಗಳು" ಎಂದರೆ ಯಾರು ಎಂದು ಒಬ್ಬ ಹುಡುಗಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಾಗೆ ನೋಡಿದರೆ ಚೀಲದ ಕಥೆ ನಮಗೆ ದೂರದ್ದಲ್ಲ. ಇಂಗ್ಲಿಷಿನವರು "ಗನ್ನಿ" ಎನ್ನುವುದು ನಮ್ಮ "ಗೋಣಿ"ಯ ಬಳಗದ ಮಾತೇ. 1800-01ರಲ್ಲಿ ಮೈಸೂರು ಸೀಮೆಯಲ್ಲೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಇಲ್ಲಿ ನಾರು ತೆಗೆದು ಗೋಣಿ ನೇಯುವವರ ವಿಷಯವನ್ನು ಬರೆದಿಟ್ಟಿದ್ದಾನೆ. ಈಗ ನಾವು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಅಪ್ಸೆಣಬಿನ ನಾರು ಅದು. ಅಂಥ ಗೋಣಿಗಳನ್ನು ಎತ್ತಿನ ಬೆನ್ನ ಮೇಲೆ ಹೇರಿಕೊಂಡು ಲಂಬಾಣಿಗಳು ಊರಿಂದೂರಿಗೆ ಧಾನ್ಯ, ಉಪ್ಪು ಸಾಗಿಸುತ್ತಿದ್ದರು. ಗೋಣಿ ನೇಯ್ದವನು ಇಂಥವನೆಂದು ಊರಿಗೇ ಗೊತ್ತಿದ್ದ ಕಾಲ.

ಬಂಗಾಳದ ಸೆಣಬು ಬೇರೆ ಜಾತಿಯ ಗಿಡ. ಅಲ್ಲಿಯೂ ಮನೆಮನೆಗಳಲ್ಲಿ ನೂತು, ಕೈಮಗ್ಗದಲ್ಲಿ ಚೀಲ ನೇಯುತ್ತಿದ್ದರು. ಆ ಚೀಲಗಳು ಹೊರದೇಶಕ್ಕೂ ಹೋಗುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿಯವರು ಸೆಣಬಿನ ನಾರನ್ನೂ ಬ್ರಿಟನ್ನಿಗೆ ಕಳಿಸಿನೋಡಿದರು. ಸ್ಕಾಟ್ಲೆಂಡಿನ ಡಂಡೀ ಎಂಬ ಊರಿನಲ್ಲಿ ಅಗಸೆ ನಾರಿನ ಗಿರಣಿಗಳಿದ್ದವು. ಆದರೆ ಸೆಣಬಿನ ನಾರು ಗಡುಸು; ಯಂತ್ರಕ್ಕೆ ಕೊಟ್ಟರೆ ಪಟಪಟನೆ ತುಂಡಾಗುತ್ತಿತ್ತು. ಡಂಡೀ ತಿಮಿಂಗಿಲ ಬೇಟೆಯ ಬಂದರು ಕೂಡ. 1830ರ ದಶಕದಲ್ಲಿ ಅಲ್ಲಿಯವರು ತಿಮಿಂಗಿಲದ ಎಣ್ಣೆಗೆ ನೀರು ಬೆರೆಸಿ ನಾರನ್ನು ನೆನೆಸಿದಾಗ ಅದು ಮೆತ್ತಗಾಗಿ ಯಂತ್ರಕ್ಕೆ ಬಗ್ಗಿತು. ಬಂಗಾಳದ ಗದ್ದೆಯ ಗಿಡಕ್ಕೂ ಉತ್ತರ ಧ್ರುವದ ಕಡೆಯ ಕಡಲಿನ ತಿಮಿಂಗಿಲಕ್ಕೂ ಹೀಗೆ ನಂಟು ಬೆಳೆಯಿತು.

1838ರಲ್ಲಿ ಡಚ್ಚರ ಸರ್ಕಾರ ತನ್ನ ಪೂರ್ವದ್ವೀಪಗಳ ಕಾಫಿಯನ್ನು ತುಂಬಲು ಅಗಸೆ ನಾರಿನ ಚೀಲದ ಬದಲು ಸೆಣಬಿನ ಚೀಲಗಳನ್ನು ಡಂಡೀಯಿಂದ ತರಿಸಿತು. ಬೇರೆ ದೇಶದ ಕಾರ್ಖಾನೆಗೆ ಹೇಳಿ ತನಗೆ ಬೇಕಾದಂಥ ಚೀಲ ಮಾಡಿಸಿಕೊಳ್ಳುವುದು ನಮ್ಮ ಹುಡುಗನ ಹೊಸ ಉಪಾಯವೇನಲ್ಲ, ನೋಡಿ. ಆಮೇಲೆ 1853ರಿಂದ 1856ರವರೆಗೆ ಕ್ರಿಮಿಯಾ ಯುದ್ಧ ನಡೆದು ರಷ್ಯಾದ ನಾರು ಬರುವುದು ಕಷ್ಟವಾಯಿತು. 1861ರಿಂದ ನಾಲ್ಕು ವರ್ಷ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಅಭಾವ. ಡಂಡೀಯ ಅದೃಷ್ಟ ತೆರೆಯಿತು. ಊರವರ ಕಷ್ಟ ಚೀಲದವರಿಗೆ ಲಾಭ.

ಆ ಡಂಡೀಯನ್ನು ಜನ "ಹೆಂಗಸರ ಊರು" ಎಂದು ಕರೆಯುತ್ತಿದ್ದರು. ಗಿರಣಿಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಬಹುಪಾಲು. ಏಕೆಂದರೆ ಅವರಿಗೆ ಕೊಡುವ ಕೂಲಿ ಕಡಿಮೆ. ಹುಡುಗರನ್ನು ಸೇರಿಸಿಕೊಂಡರೂ, ಹದಿನೆಂಟು ತುಂಬಿ ಗಂಡಾಳಿನ ಕೂಲಿ ಕೊಡಬೇಕಾಗಿ ಬಂದಾಗ ಎಷ್ಟೋ ಜನರನ್ನು ಹೊರಗೆ ಹಾಕುತ್ತಿದ್ದರು. ಹೆಂಡತಿ ಗಿರಣಿಗೆ, ಗಂಡ ಮನೆಯಲ್ಲಿ. ಅಂಥ ಗಂಡಸರಿಗೆ "ಕೆಟಲು ಕಾಯಿಸುವವರು" ಎಂದು ಅಡ್ಡಹೆಸರು. ಓದುವಾಗ ನಗು ಬರುತ್ತದೆ. ಆದರೆ ಮಗ್ಗಗಳ ಸದ್ದಿಗೆ ಕಿವಿ ಕೆಟ್ಟು, ತುಟಿಯ ಚಲನೆ ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಿದ್ದ ಹೆಂಗಸರನ್ನು ನೆನೆದರೆ ಆ ನಗು ಉಳಿಯುವುದಿಲ್ಲ. ಸಂಜೆ ಮನೆಗೆ ಬಂದ ಮೇಲೂ ಬಿಡುವಿಲ್ಲದ ಬಡವರು ಚೀಲದ ತುಂಡುಗಳನ್ನು ಮನೆಗೆ ತಂದು ದೀಪದ ಬೆಳಕಿನಲ್ಲಿ ಹೊಲಿದುಕೊಡುತ್ತಿದ್ದರು.

1855ರಲ್ಲಿ ಕಲ್ಕತ್ತೆಯ ಬಳಿ ರಿಶ್ರಾದಲ್ಲಿ ಜಾರ್ಜ್ ಆಕ್ಲೆಂಡ್ ಮೊದಲ ಸೆಣಬು ನೂಲುವ ಗಿರಣಿ ಹಾಕಿದ. 1859ರಲ್ಲಿ ಬಾರಾನಗರದಲ್ಲಿ ಯಂತ್ರದ ಮಗ್ಗ ಬಂತು. ಯಂತ್ರಗಳು ಬ್ರಿಟನ್ನಿನವು, ಮ್ಯಾನೇಜರು, ಮೇಸ್ತ್ರಿಗಳಾಗಿ ಬಂದವರು ಡಂಡೀಯವರು. ಆಮೇಲೆ ಆಸ್ಟ್ರೇಲಿಯದ ಗೋಧಿ, ಉಣ್ಣೆಯವರೂ ಅಮೆರಿಕದವರೂ ಯೋಚಿಸಿದ್ದು ಅಣ್ಣನ ಮಗ ಯೋಚಿಸಿದಂತೆಯೇ. ಸೆಣಬು ಬೆಳೆಯುವುದು ಬಂಗಾಳದಲ್ಲಿ, ಚೀಲ ಮಾಡುವುದೂ ಅಲ್ಲಿಯೇ. ಮಧ್ಯೆ ಡಂಡೀಯವರು ಯಾಕೆ? ನೇರವಾಗಿ ಕಲ್ಕತ್ತೆಯಿಂದಲೇ ತರಿಸೋಣ! ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಕಲ್ಕತ್ತೆ ಡಂಡೀಯನ್ನು ಹಿಂದೆ ಹಾಕಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಕಂದಕಗಳಿಗೆ ಒಡ್ಡುವ ಮರಳಿನ ಚೀಲಗಳು ಕೋಟಿಗಟ್ಟಲೆ ಹೋದವು. ಗಿರಣಿಯವರು ಹಂಚಿಕೊಂಡ ಲಾಭಕ್ಕೆ ಲೆಕ್ಕವಿರಲಿಲ್ಲ.

ಕಲ್ಕತ್ತೆಯ ಗಿರಣಿಗಳಲ್ಲಿಯೂ ಚೀಲದ ಕೈಹೊಲಿಗೆ ಹೆಚ್ಚಾಗಿ ಹೆಂಗಸರದ್ದು. ಬಿಹಾರದಿಂದ, ಒರಿಸ್ಸಾದಿಂದ, ನಮ್ಮ ಪಕ್ಕದ ಆಂಧ್ರದಿಂದ ಬಂದವರು. ಗಂಡ ಸತ್ತವರು, ಗಂಡ ಬಿಟ್ಟವರು ಅವರಲ್ಲಿ ಹಲವರು. ಹೊಲಿದ ಚೀಲದ ಲೆಕ್ಕಕ್ಕೆ ಕೂಲಿ. ಹೊಲಿಗೆಗೆ ಯಂತ್ರಗಳು ಬಂದಂತೆ ಮೊದಲು ಹೊರಗೆ ಹೋದವರೂ ಅವರೇ. ಹೆರಿಗೆಯ ಭತ್ಯೆ ಕೊಡಬೇಕೆಂದು ಬಂಗಾಳದಲ್ಲಿ 1939ರಲ್ಲಿ ಕಾನೂನಾದಾಗ, ಭತ್ಯೆ ಕೊಡುವುದಕ್ಕಿಂತ ಹೆಂಗಸರನ್ನೇ ತೆಗೆದುಕೊಳ್ಳದಿರುವುದು ಮಾಲೀಕರಿಗೆ ಸುಲಭವಾಗಿ ಕಂಡಿತು. ಆ ಚೀಲಗಳು ಲೋಕವನ್ನೆಲ್ಲ ಸುತ್ತಿದವು. ಮೇಲೆ ಗಿರಣಿಯ ಗುರುತು, ವ್ಯಾಪಾರಿಯ ಗುರುತು, ತೂಕದ ಗುರುತು. ಹೊಲಿದವಳ ಗುರುತಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಚೀಲ ಕೊಂಡವರ ಮನೆಯಲ್ಲಿ ಅದನ್ನು ಬಾಳಿಸಿದವರೂ ಹೆಂಗಸರೇ. ಆಸ್ಟ್ರೇಲಿಯದ ಬಡ ರೈತರ ಮನೆಗಳಲ್ಲಿ ಗೋಧಿ, ಹಿಟ್ಟಿನ ಚೀಲಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದರು. ಅದಕ್ಕೆ "ವಾಗಾ" ಎಂದು ಹೆಸರು. ನಮ್ಮ ಕೌದಿಯ ದೂರದ ತಂಗಿ ಎನ್ನಿ. ಅಮೆರಿಕದಲ್ಲಿ 1930ರ ದಶಕದ ಕಡುಕಷ್ಟದ ದಿನಗಳಲ್ಲಿ ಹಿಟ್ಟಿನ, ಮೇವಿನ ಹತ್ತಿ ಚೀಲಗಳಿಂದ ತಾಯಂದಿರು ಮಕ್ಕಳಿಗೆ ಲಂಗ ಹೊಲಿದರು. ಇದನ್ನು ಕಂಡ ಕಂಪನಿಗಳು ಚೀಲಕ್ಕೇ ಹೂವು ಬಳ್ಳಿ ಅಚ್ಚು ಹಾಕಿಸಿ, ತಮ್ಮ ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲಿ ಮುದ್ರಿಸತೊಡಗಿದವು. ಕಂಪನಿಯ ಹೆಸರು ಅಳಿಸಿಹೋಗಿ ಹೂವು ಉಳಿಯುತ್ತಿತ್ತು. ಎಂಥ ಚೆಂದದ ವ್ಯಾಪಾರ!

1947ರಲ್ಲಿ ದೇಶ ಒಡೆದಾಗ ಸೆಣಬಿನ ಗದ್ದೆಗಳು ಬಹುಪಾಲು ಪೂರ್ವ ಬಂಗಾಳಕ್ಕೆ, ಗಿರಣಿಗಳು ನಮ್ಮ ಕಡೆಗೆ ಉಳಿದವು. ಆ ಕಡೆಯವರು 1951ರಲ್ಲಿ ಢಾಕಾ ಬಳಿಯ ನಾರಾಯಣಗಂಜಿನಲ್ಲಿ ಆದಮ್‌ಜೀ ಗಿರಣಿ ಕಟ್ಟಿದರು; ಲೋಕದಲ್ಲೇ ದೊಡ್ಡ ಸೆಣಬಿನ ಗಿರಣಿಯೆಂದು ಅದು ಹೆಸರಾಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬಂತು. ಈಗಿನ ಹಿಡಿಯುಳ್ಳ ಪ್ಲಾಸ್ಟಿಕ್ ಕೈಚೀಲಕ್ಕೆ ಸ್ವೀಡನ್ನಿನ ಕಂಪನಿಯೊಂದು 1965ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು; ಅದನ್ನು ರೂಪಿಸಿದವನು ಸ್ಟೆನ್ ಗುಸ್ತಾಫ್ ತೂಲಿನ್. ಬಾಂಗ್ಲಾದೇಶದಲ್ಲಿ 1988, 1998ರ ನೆರೆಗಳಲ್ಲಿ ಈ ಚೀಲಗಳು ಚರಂಡಿಗೆ ಸಿಕ್ಕಿಕೊಂಡು ನೀರು ಹರಿಯದಾಯಿತು. 2002ರಲ್ಲಿ ಆ ದೇಶ ತೆಳು ಪ್ಲಾಸ್ಟಿಕ್ ಚೀಲವನ್ನೇ ನಿಷೇಧಿಸಿತು. ಲೋಕಕ್ಕೆ ಅದೇ ಮೊದಲು. ಸೆಣಬಿನ ಚೀಲಕ್ಕೆ ಒಳ್ಳೆಯ ಕಾಲ ಬಂತು ಎನ್ನುತ್ತೀರಾ? ಅದೇ 2002ರ ಜೂನಿನಲ್ಲಿ ನಷ್ಟದ ಕಾರಣ ಹೇಳಿ ಆದಮ್‌ಜೀ ಗಿರಣಿಯನ್ನು ಮುಚ್ಚಿದರು. ಸಾವಿರಾರು ಜನರ ಕೆಲಸ ಹೋಯಿತು.

2007ರಲ್ಲಿ ಇಂಗ್ಲೆಂಡಿನ ಅಂಗಡಿಗಳಲ್ಲಿ "ನಾನು ಪ್ಲಾಸ್ಟಿಕ್ ಚೀಲವಲ್ಲ" ಎಂದು ಬರೆದ ಬಟ್ಟೆಯ ಚೀಲಕ್ಕೆ ಜನ ಬೆಳಗಿನಿಂದಲೇ ಸಾಲು ನಿಂತರು. ಆನ್ಯಾ ಹಿಂಡ್‌ಮಾರ್ಚ್ ಎಂಬಾಕೆ ರೂಪಿಸಿದ 5 ಪೌಂಡಿನ ಚೀಲ ಅದು. ಆಮೇಲೆ ತಿಳಿದದ್ದು, ಅದು ಚೀನಾದಲ್ಲಿ ತಯಾರಾಗಿ ಬಂದದ್ದು ಎಂದು. ಆಕ್ಷೇಪ ಎದ್ದಿತು. ತಾನು ಏನಲ್ಲ ಎಂಬುದನ್ನು ಆ ಚೀಲ ದೊಡ್ಡ ಅಕ್ಷರದಲ್ಲಿ ಹೇಳಿತ್ತು. ತಾನು ಯಾರ ಕೈಯದು ಎಂಬುದನ್ನು ಹೇಳಿರಲಿಲ್ಲ.

ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಅದಕ್ಕೂ ಮೊದಲೇ ನಮ್ಮ ತಾಂಬೂಲದ ಚೀಲ ವೇಷ ಬದಲಿಸಿತ್ತು. ಬಟ್ಟೆಯಂತೆ ಕಾಣುವ, ಹರಿದರೆ ದಾರ ಬಿಡದ ಚೀಲ ನೀವೂ ನೋಡಿದ್ದೀರಿ. ಅದು ನೇಯ್ದದ್ದಲ್ಲ, ಪ್ಲಾಸ್ಟಿಕ್ಕಿನ ಎಳೆಗಳನ್ನು ಕಾಯಿಸಿ ಒತ್ತಿದ್ದು. ತೀರ ತೆಳುವಾದವನ್ನು, ಎಂದರೆ ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಗುವಂಥವನ್ನು, ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 30ರಿಂದ ನಿಷೇಧಿಸಿತು. ಅಣ್ಣನ ಮಗ ತೋರಿಸಿದ್ದೂ ಅದೇ ಜಾತಿಯದು, ಸ್ವಲ್ಪ ದಪ್ಪನೆಯದು.

ಹಾಗೆಂದು ಹತ್ತಿಯ ಚೀಲವೇ ಪುಣ್ಯ ಎನ್ನುವಂತಿಲ್ಲ. ಇಂಗ್ಲೆಂಡಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಭೂಮಿಯ ತಾಪದ ದೃಷ್ಟಿಯಿಂದ ಒಮ್ಮೆ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಬೇಕಾದರೆ ಹತ್ತಿ ಚೀಲವನ್ನು 131 ಸಲ ಬಳಸಬೇಕು. ವಾರಕ್ಕೊಂದು ಸಂತೆಯಾದರೆ ಎರಡೂವರೆ ವರ್ಷ. ಮೊಳೆಗೆ ತೂಗುಹಾಕಿ ಮರೆತರೆ ನಾವೂ ಅಪರಾಧಿಗಳೇ.

ಇದನ್ನೆಲ್ಲ ಅಣ್ಣನ ಮಗನಿಗೆ ಪಾಠದಂತೆ ಹೇಳಿದೆ. "ಅತ್ತೆ, ಚೀನಾದಲ್ಲಿ ಹೊಲಿಯೋರೂ ಹೆಂಗಸರೇ ಇರಬಹುದಲ್ಲ? ಅವರಿಗೂ ಕೆಲಸ ಬೇಡವೇ?" ಎಂದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ: ನೇರವಾಗಿ ಕೊಂಡೆವು ಎಂದು ನಾವು ಹೇಳುವಾಗ ನೇರವಾಗುವುದು ಹಣದ ದಾರಿ ಮಾತ್ರ. ಮಾಡಿದವರ ಮುಖ ಆಗಲೂ ಕಾಣುವುದಿಲ್ಲ. ಇಲ್ಲಿ ಹೊಲಿಸಿದರೆ ಒಂದಾದರೂ ಮುಖ ಕಾಣುತ್ತದೆ. ಕೂಲಿ ಸಾಲದಿದ್ದರೆ ಎದುರಿಗೆ ನಿಂತು ಕೇಳುತ್ತದೆ.

ಕೊನೆಗೆ ಮನೆಗೊಂದು ಚೀಲ ಸಾಕೆಂದು ಆರುನೂರನ್ನು ನಾನೂರಕ್ಕೆ ಇಳಿಸಿದೆವು. ನಮ್ಮೂರಿನಲ್ಲಿ ಹೊಲಿಗೆ ಕಲಿಸುವ ಹೆಣ್ಣುಮಗಳೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಜೊತೆಗೆ ನಾಲ್ವರನ್ನು ಸೇರಿಸಿಕೊಂಡು ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿದುಕೊಟ್ಟಳು. ಖರ್ಚು ಹೆಚ್ಚೇ ಆಯಿತು; ಅಣ್ಣ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನನಗೋ ಉತ್ಸಾಹ. "ಒಳಗಿನ ಮಡಿಕೆಯಲ್ಲಿ ನಿಮ್ಮ ಹೆಸರೂ ಹಾಕಿಬಿಡ್ರಮ್ಮ" ಎಂದೆ.

ಅವಳು ಮಿಷನ್ನಿನಿಂದ ತಲೆಯೆತ್ತಿ ನಕ್ಕಳು. "ಹೆಸರು ಯಾಕೆ ಟೀಚರ್? ಹಿಡಿಗೆ ಎರಡು ಹೊಲಿಗೆ ಜಾಸ್ತಿ ಹಾಕಿದೀನಿ, ಅದಕ್ಕೆ ಒಂದೊಂದು ರೂಪಾಯಿ ಸೇರಿಸಿ ಕೊಡಿ."

ಕೊಟ್ಟೆ. ಡಂಡೀಯ ಗಿರಣಿಯಲ್ಲಿ ಚಿಕ್ಕಂದಿನಲ್ಲೇ ಕೆಲಸಕ್ಕೆ ಸೇರಿದ ಮೇರಿ ಬ್ರೂಕ್ಸ್‌ಬ್ಯಾಂಕ್ ಎಂಬಾಕೆ ಹಾಡು ಕಟ್ಟುತ್ತಿದ್ದಳು. ಆಕೆ 1978ರಲ್ಲಿ ತೀರಿಕೊಂಡಳು. ಇಂದು ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಕಟ್ಟಡದ ಹೊರಗೋಡೆಯಲ್ಲಿ ಕೆತ್ತಿದ ಮಾತುಗಳ ನಡುವೆ ಆಕೆಯ ಸಾಲುಗಳೂ ಇವೆ. ಆ ಹಾಡಿನಲ್ಲಿ ಇರುವುದೂ ಇದೇ ಮಾತು: ದುಡಿತಕ್ಕೆ ತಕ್ಕ ಕೂಲಿ ಇಲ್ಲವೆಂಬುದು. ನನ್ನ ವಿದ್ಯಾರ್ಥಿನಿ ಆ ಹಾಡು ಕೇಳಿದವಳಲ್ಲ.

ಮುಂದಿನ ಮದುವೆಯಲ್ಲಿ ನಿಮ್ಮ ಕೈಗೆ ತಾಂಬೂಲದ ಚೀಲ ಬಂದಾಗ ಕಾಯಿ ತೆಗೆದಿಟ್ಟು ಒಮ್ಮೆ ಅದನ್ನು ಒಳಮೈ ಹೊರಗೆ ಮಾಡಿ ನೋಡಿ. ಹೊಲಿಗೆ ಕಾಣುತ್ತದೆ. ಎಲ್ಲಾದರೂ ಬಿಚ್ಚಿದ್ದರೆ ಎರಡು ಹೊಲಿಗೆ ನಾವೇ ಹಾಕಿಕೊಂಡರಾಯಿತು. 131 ಸಂತೆ ಮುಗಿಸಬೇಕಲ್ಲ!