ತೋಟದ ಮನೆಯಿಂದ ತಂತ್ರಾಂಶಕ್ಕೆ

ದೇವರಮನೆ ಗುಡ್ಡದ ಆಸುಪಾಸಿನ ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಕಸುಬು ಬಹುಕಾಲ ಜಮೀನಿನ ಬೆನ್ನಿಗೇ ಮಕ್ಕಳಿಗೆ ಬರುತ್ತಿತ್ತು. ತೋಟದವರ ಮಕ್ಕಳು ತೋಟಕ್ಕೆ, ಕಾರ್ಮಿಕರ ಲೈನ್ ಮನೆಯ ಮಕ್ಕಳು ಕೂಲಿಗೆ. ಆ ಮಕ್ಕಳಲ್ಲಿ ಕೆಲವರು ಸಾಫ್ಟ್‌ವೇರ್ ಕೆಲಸಕ್ಕೆ ಹೊರಳಿದ್ದಕ್ಕೆ ಜನ ಕೊಡುವ ಕಾರಣ ಕಾಫಿ ಬೆಲೆ. 1989ರಲ್ಲಿ ಬೆಲೆಯನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 2000ದ ಸುಮಾರಿಗೆ ಬೆಲೆ ನೆಲಕಚ್ಚಿತು. ಹಾಸನ, ಚಿಕ್ಕಮಗಳೂರುಗಳಲ್ಲಿ ಅಷ್ಟರೊಳಗೆ ಎಂಜಿನಿಯರಿಂಗ್ ಕಾಲೇಜುಗಳಿದ್ದವು. ಈ ಕಾರಣ ಸುಳ್ಳಲ್ಲ. ಆದರೆ ಮಕ್ಕಳು ಊರು ಬಿಟ್ಟದ್ದೇಕೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಹೊಸ ಯಂತ್ರವೊಂದನ್ನು ತನ್ನದಾಗಿಸಿಕೊಳ್ಳುವ ಮನಸ್ಸು ಎಲ್ಲಿ ಬೆಳೆಯಿತು ಎಂಬುದನ್ನು ತಿಳಿಯಲು ಮನೆಯೊಳಗೇ ನೋಡಬೇಕು.

ಮೂಡಿಗೆರೆಯಲ್ಲೇ ಅಂಥ ಮನೆಯೊಂದಿತ್ತು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ (1938–2007) ಕನ್ನಡ ಎಂ.ಎ. ಓದಿಯೂ ಮೇಷ್ಟ್ರ ಕೆಲಸ ಹಿಡಿಯದೆ 1960ರ ದಶಕದಲ್ಲಿ ಇಲ್ಲಿಗೆ ಬಂದು ಕಾಫಿ ಬೆಳೆದರು. ಬೇಟೆ, ಮೀನು ಶಿಕಾರಿ, ಹಕ್ಕಿಗಳ ಛಾಯಾಗ್ರಹಣ ಎಂದು ಅಲೆದ ಅವರ ಆಸಕ್ತಿ ಕೊನೆಗೆ ಕಂಪ್ಯೂಟರಿಗೂ ಹೊರಳಿತು. ಅದರಲ್ಲಿ ನೆಲೆಯೂರದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲವೆಂದು ವಾದಿಸಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ಎಂಬ ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಅವರ ಇಬ್ಬರು ಹೆಣ್ಣುಮಕ್ಕಳೂ ಸಾಫ್ಟ್‌ವೇರ್ ವೃತ್ತಿಗೆ ಹೋದರು. ಅಜ್ಜ ಕವಿ, ಅಪ್ಪ ಕೃಷಿಕ ಲೇಖಕ, ಮಕ್ಕಳು ತಂತ್ರಜ್ಞರು: ಮೂರು ತಲೆಮಾರಿಗೆ ಮೂರು ಕಸುಬು. ತಂದೆಯ ದಾರಿಯನ್ನೇ ತುಳಿಯಬೇಕೆಂಬ ಒತ್ತಾಯವಿಲ್ಲದ ಬಾಲ್ಯ ಹೇಗಿತ್ತೆಂಬುದಕ್ಕೆ ತೇಜಸ್ವಿಯವರು ತಂದೆ ಕುವೆಂಪು ಬಗ್ಗೆ ಬರೆದ ‘ಅಣ್ಣನ ನೆನಪು’ ಸಾಕ್ಷಿ.

ಒಂದು ಮನೆಯಿಂದ ಇಡೀ ಸೀಮೆಯ ಲೆಕ್ಕ ಹೇಳಲಾಗದು ಎನ್ನಬಹುದು. ಒಪ್ಪುವ ಮಾತೇ. ಪುಸ್ತಕವೂ ಕ್ಯಾಮೆರಾವೂ ಇದ್ದ ಮನೆಯಲ್ಲಿ ಕುತೂಹಲ ಬೆಳೆಯುವುದೇನು ದೊಡ್ಡದು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದಕ್ಕೆ ಉತ್ತರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’ದಲ್ಲೇ ಇದೆ. ಊರವರು ಕೆಲಸಕ್ಕೆ ಬಾರದವನೆಂದು ಕಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ಸಂಶೋಧಕನನ್ನು ಗುರುತಿಸುತ್ತಾರೆ. ಹಾಗಾದರೆ ಕುತೂಹಲವೆಂಬುದು ಉಳ್ಳವರ ಸ್ವತ್ತಲ್ಲ. ಅದನ್ನು ಗುರುತಿಸಿ ಮುಂದಕ್ಕೆ ತಳ್ಳುವವರು ಮಾತ್ರ ಎಲ್ಲರಿಗೂ ಸಿಗುವುದಿಲ್ಲ. ಕುಟುಂಬದ ಪ್ರಭಾವವೆಂದು ನಾವು ಕರೆಯುವುದರ ತಿರುಳು ಈ ಗುರುತಿಸುವಿಕೆ. ಅದಕ್ಕೆ ರಕ್ತಸಂಬಂಧವೇ ಬೇಕೆಂದಿಲ್ಲ, ಕರ್ವಾಲೊ ಮಂದಣ್ಣನ ನೆಂಟರೇನಲ್ಲ. ಲೈನ್ ಮನೆಯ ಹುಡುಗಿಯೊಬ್ಬಳು ಪ್ರೋಗ್ರಾಂ ಬರೆಯುವಂತಾಗಬೇಕಾದರೆ ಕಾಫಿ ಬೆಲೆ ಏರಿದರೂ ಇಳಿದರೂ ಸಾಲದು. ಮನೆಯಲ್ಲಿ ಸಿಗದ ಆ ಒತ್ತಾಸೆಯನ್ನು ಸರ್ಕಾರಿ ಶಾಲೆಯ ಮೇಷ್ಟ್ರೋ ಊರಿನ ಗ್ರಂಥಾಲಯವೋ ಕೊಡಬೇಕು.